ಅಳತೆಪಟ್ಟಿಗೆ ಸಿಗದ ಮೀನು

ಮನೆಯಲ್ಲಿ ಮೀನು ಸಾಕುವವರ ಲೋಕದಲ್ಲಿ ಅತಿ ಹೆಚ್ಚು ಮಂದಿಗೆ ಬಾಯಿಪಾಠವಾಗಿರುವ ವಾಕ್ಯ ಯಾವ ದೊಡ್ಡ ಗ್ರಂಥದ್ದೂ ಅಲ್ಲ. ‘ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು’, ಇಷ್ಟೇ. ಕೈಪಿಡಿಗಳ ಮೊದಲ ಅಧ್ಯಾಯದಲ್ಲಿ ಅದು ಸಿಗುತ್ತದೆ, ಅಂಗಡಿಯ ಕೌಂಟರಿನಾಚೆಯಿಂದಲೂ ಕೇಳಿಬರುತ್ತದೆ. ಅದನ್ನು ಬೈಯುವವರೂ ಕಡಿಮೆಯಿಲ್ಲ. ಆದರೆ ಬೈದವರೆಲ್ಲ ಕೊನೆಗೆ ‘ಆದರೂ ಹೊಸಬರಿಗೆ ಒಳ್ಳೆಯ ಆರಂಭ’ ಎಂದು ಷರಾ ಬರೆದು ಎದ್ದುಹೋಗುತ್ತಾರೆ. ನನ್ನ ತಕರಾರು ಇರುವುದು ಆ ಷರಾದ ಮೇಲೆ. ಈ ಸೂತ್ರವನ್ನು ಒರಟು ಅಂದಾಜು ಎಂದು ಕ್ಷಮಿಸುವಂತಿಲ್ಲ. ಅದು ಅಳೆಯುತ್ತಿರುವ ವಸ್ತುವೇ ತಪ್ಪು. ಅದರಿಂದ ಅತಿ ಹೆಚ್ಚು ಪೆಟ್ಟು ತಿನ್ನುವವರು ಹೊಸಬರೇ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್‌ಗಳ ಸರಪಳಿ, ಹೊಸ ಟ್ಯಾಂಕನ್ನು ಮೀನು ಬಿಡುವ ಮೊದಲು ಕೆಲವು ವಾರ ಹದಗೊಳಿಸಬೇಕಾದ ಅಗತ್ಯ, ಇವೆಲ್ಲ ಈ ಬರಹ ಓದುವವರಿಗೆ ಗೊತ್ತಿರುವ ಸಂಗತಿಗಳು. ಹಾಗಾಗಿ ನೇರವಾಗಿ ಸೂತ್ರಕ್ಕೆ ಬರೋಣ.

ಪರೀಕ್ಷೆಗೆ ನಮ್ಮ ಮನೆಗಳಲ್ಲಿ ಎಲ್ಲೆಲ್ಲೂ ಕಾಣುವ ಎರಡಡಿ ಟ್ಯಾಂಕನ್ನೇ ತೆಗೆದುಕೊಳ್ಳೋಣ. ಉದ್ದ 60, ಅಗಲ 30, ಎತ್ತರ 30 ಸೆಂಟಿಮೀಟರ್. ಲೆಕ್ಕಕ್ಕೆ 54 ಲೀಟರ್. ತಳದ ಜಲ್ಲಿ, ಮೇಲೆ ಬಿಡುವ ಜಾಗ ಕಳೆದರೆ ನಿಜಕ್ಕೂ ಉಳಿಯುವ ನೀರು ಸುಮಾರು 45 ಲೀಟರ್. ಸೂತ್ರದ ಮೊದಲ ಪದದಲ್ಲೇ ತೊಡಕು. ಅದು ಯಾರ ಗ್ಯಾಲನ್? ಅಮೆರಿಕದ ಗ್ಯಾಲನ್ ಎಂದರೆ 3.785 ಲೀಟರ್, ಬ್ರಿಟಿಷ್ ಗ್ಯಾಲನ್ ಎಂದರೆ 4.546 ಲೀಟರ್. ಒಂದರ ಪ್ರಕಾರ ಈ ಟ್ಯಾಂಕಿಗೆ 12 ಇಂಚು ಮೀನು, ಇನ್ನೊಂದರ ಪ್ರಕಾರ ಹತ್ತು ಇಂಚಿಗೂ ಕಡಿಮೆ. ಈ ಜಗಳವನ್ನು ಬಿಟ್ಟುಬಿಡೋಣ, ದೊಡ್ಡ ಅಂಕಿಯನ್ನೇ ಒಪ್ಪೋಣ. 12 ಇಂಚು.

ಈ 12 ಇಂಚನ್ನು ಎರಡು ರೀತಿಯಲ್ಲಿ ತುಂಬಿಸಬಹುದು. ಇಂಚುದ್ದದ ಹನ್ನೆರಡು ಮೀನು ಬಿಡಬಹುದು, ಇಲ್ಲವೇ ಅಡಿಯುದ್ದದ ಒಂದೇ ಮೀನು ಬಿಡಬಹುದು. ಸೂತ್ರದ ಕಣ್ಣಿಗೆ ಎರಡೂ ಒಂದೇ. ಆದರೆ ಮೀನಿನ ತೂಕ ಅದರ ಉದ್ದದ ಜೊತೆಗೆ ನೇರವಾಗಿ ಏರುವುದಿಲ್ಲ, ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದೇ ಆಕಾರದ ಮೀನುಗಳೆಂದುಕೊಂಡರೂ ಅಡಿಯುದ್ದದ್ದು ಇಂಚುದ್ದದ್ದಕ್ಕಿಂತ 1,728 ಪಟ್ಟು ಭಾರ. ಅಂದರೆ ಹನ್ನೆರಡು ಪುಟ್ಟ ಮೀನುಗಳ ಒಟ್ಟು ತೂಕದ 144 ಪಟ್ಟು. ದೊಡ್ಡ ಪ್ರಾಣಿ ತನ್ನ ತೂಕದ ಪ್ರತಿ ಗ್ರಾಮಿಗೆ ಕಡಿಮೆ ಉಸಿರಾಡುತ್ತದೆ, ಕಡಿಮೆ ತಿನ್ನುತ್ತದೆ ಎಂಬ ರಿಯಾಯಿತಿಯನ್ನು ಧಾರಾಳವಾಗಿ ಕೊಟ್ಟರೂ ಆಮ್ಲಜನಕದ ಬೇಡಿಕೆ, ಅಮೋನಿಯಾದ ಹೊರೆ 20ರಿಂದ 30 ಪಟ್ಟಿನ ಆಚೀಚೆ ನಿಲ್ಲುತ್ತವೆ. ಅಡಿಯುದ್ದದ ಆಸ್ಕರ್ ಮೀನನ್ನು ಅಡಿಯಗಲದ ಟ್ಯಾಂಕಿನಲ್ಲಿ ಬಿಟ್ಟರೆ ಅದು ಸಲೀಸಾಗಿ ತಿರುಗಲೂ ಆಗದು. ಸೂತ್ರ ಮಾತ್ರ ಪಾಸ್ ಮಾರ್ಕು ಕೊಡುತ್ತದೆ. ಎರಡು ಉತ್ತರಗಳ ನಡುವೆ ಇಪ್ಪತ್ತು ಪಟ್ಟು ವ್ಯತ್ಯಾಸ ಬಂದರೂ ಎರಡನ್ನೂ ಸರಿ ಎನ್ನುವ ಲೆಕ್ಕಕ್ಕೆ ‘ಅಂದಾಜು’ ಎಂಬ ಮರ್ಯಾದೆ ಸಲ್ಲದು.

ಇನ್ನು ಗ್ಯಾಲನ್ ಎಂಬ ಅಳತೆ ಮರೆಮಾಚುವುದನ್ನು ನೋಡಿ. ಅದೇ ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿದರೆ, ಎಂದರೆ 30 ಅಗಲ, 30 ಆಳ, 60 ಎತ್ತರದ ಕಂಬ ಮಾಡಿದರೆ, ನೀರು ಅಷ್ಟೇ ಇರುತ್ತದೆ. ಗಾಳಿಗೆ ತೆರೆದ ಮೇಲ್ಮೈ ಮಾತ್ರ 1,800 ಚದರ ಸೆಂಟಿಮೀಟರಿನಿಂದ 900ಕ್ಕೆ ಇಳಿಯುತ್ತದೆ. ಆಮ್ಲಜನಕ ನೀರಿಗಿಳಿಯುವ ಬಾಗಿಲೇ ಆ ಮೇಲ್ಮೈ. 20 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 9 ಮಿಲಿಗ್ರಾಂ; 30 ಡಿಗ್ರಿಯಲ್ಲಿ ಅದು ಏಳೂವರೆ. ಕಲಬುರಗಿಯ ಮೇ ತಿಂಗಳಿನಲ್ಲಿ ನಿಂತ ಟ್ಯಾಂಕಿಗೂ ಮಡಿಕೇರಿಯ ಟ್ಯಾಂಕಿಗೂ ಸೂತ್ರದಲ್ಲಿ ವ್ಯತ್ಯಾಸವಿಲ್ಲ. ವಿದ್ಯುತ್ ಫಿಲ್ಟರುಗಳು ಬರುವ ಮುಂಚಿನ ತಲೆಮಾರು ಮೇಲ್ಮೈಯ ವಿಸ್ತೀರ್ಣ ನೋಡಿ ಮೀನು ಎಣಿಸುತ್ತಿತ್ತು. ಅದೂ ಇಂಚಿನ ಲೆಕ್ಕವೇ, ಅದಕ್ಕೂ ದೋಷಗಳಿದ್ದವು. ಆದರೆ ಮೀನು ಉಸಿರಾಡುತ್ತದೆ ಎಂಬ ಒಂದು ಸತ್ಯವಾದರೂ ಅದರೊಳಗೆ ಇತ್ತು. ಆ ಹಳೆಯ ಲೆಕ್ಕವನ್ನು ಮೂಲೆಗೆ ತಳ್ಳಿ ಈ ಗ್ಯಾಲನ್ ಸೂತ್ರವನ್ನು ಪಟ್ಟಕ್ಕೇರಿಸಿದ್ದು ಹಿನ್ನಡೆ. ಹವ್ಯಾಸಿಗಳು ಅದನ್ನು ಪ್ರಗತಿ ಎಂದು ತಿಳಿದರು.

ಹವ್ಯಾಸದ ಹುಟ್ಟಿನಲ್ಲೇ ಇದಕ್ಕಿಂತ ಹೆಚ್ಚು ವಿವೇಕ ಇತ್ತು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆ. ಬ್ರಿಟಿಷ್ ಗ್ಯಾಲನ್ನಿನಲ್ಲಿ ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ನಮ್ಮ ಎರಡಡಿ ಟ್ಯಾಂಕೇ. ಅದರಲ್ಲಿ ಅವನು ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಕೊಳೆತ ಎಲೆ ತಿನ್ನಲು ಬಸವನಹುಳು ಬಿಟ್ಟು, ಸಾಕಿದ್ದು ಎರಡು ಪುಟ್ಟ ಗೋಲ್ಡ್‌ಫಿಶ್. ಎರಡೇ. ಅವನ ‘ಸಮತೋಲನ’ದ ಕಲ್ಪನೆ ಮುಂದೆ ಅತಿಯಾಗಿ ಬೆಳೆದು ಮುಚ್ಚಿದ ಗಾಜಿನೊಳಗಿನ ಪುಟ್ಟ ಬ್ರಹ್ಮಾಂಡದ ಕಥೆಯಾಯಿತು, ಅದು ಬೇರೆ ಮಾತು. ಆದರೆ ಅವನು ಪಾತ್ರೆಯ ಅಂಚಿಗೆ ಅಳತೆಪಟ್ಟಿ ಹಿಡಿಯಲಿಲ್ಲ.

ಸೂತ್ರದ ಅತಿ ದೊಡ್ಡ ಮೋಸ ‘ಇಂಚು’ ಎಂಬಲ್ಲಿದೆ. ಯಾವ ದಿನದ ಇಂಚು? ಅಂಗಡಿಯಲ್ಲಿ ಪಾಲಿಥಿನ್ ಚೀಲಕ್ಕೆ ಬೀಳುವ ದಿನದ್ದೋ, ಎರಡು ವರ್ಷದ ನಂತರದ್ದೋ? ಶ್ರದ್ಧೆಯ ಕೈಪಿಡಿಗಳು ‘ಬೆಳೆದ ಮೀನಿನ ಉದ್ದ’ ಎಂದು ಸಣ್ಣಕ್ಷರದಲ್ಲಿ ಸೇರಿಸುತ್ತವೆ. ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಬಿದ್ದುಹೋಗುವುದು ಆ ಸಣ್ಣಕ್ಷರವೇ. ನಮ್ಮಲ್ಲಂತೂ ಇಂಚೂ ಬಿದ್ದುಹೋಗಿ ‘ಎರಡಡಿ ಟ್ಯಾಂಕಿಗೆ ಒಂದು ಡಜನ್ ಮೀನು’ ಎಂಬಲ್ಲಿಗೆ ಬಂದು ನಿಂತಿದೆ. ಆ ಡಜನ್ನಿನಲ್ಲಿ ಏನೇನಿರುತ್ತದೆ? ಎರಡು ಗೋಲ್ಡ್‌ಫಿಶ್, ಎರಡು ಏಂಜಲ್, ನಾಲ್ಕು ಟೈಗರ್ ಬಾರ್ಬ್, ‘ಶಾರ್ಕ್’ ಎಂಬ ಹೆಸರಿನ ಎರಡು ಬೆಳ್ಳಿ ಬಣ್ಣದ ಮೀನು, ಗಾಜು ಸ್ವಚ್ಛ ಮಾಡಲೆಂದು ಎರಡು ಸಕ್ಕರ್.

ಆ ಶಾರ್ಕ್ ಬಹಳ ಸಲ ಪಂಗಾಸಿಯಸ್, ಮೆಕಾಂಗ್ ನದಿ ಸೀಮೆಯ ಬೆಕ್ಕುಮೀನು. ಹೋಟೆಲುಗಳಲ್ಲಿ ಬಾಸಾ ಎಂಬ ಹೆಸರಿನಲ್ಲಿ ಬಿಳಿ ತುಂಡುಗಳಾಗಿ ತಟ್ಟೆಗೆ ಬರುವುದು ಇದೇ ಮೀನು. ಪೂರ್ತಿ ಬೆಳೆದರೆ ಮೀಟರು ದಾಟುತ್ತದೆ. ಸಕ್ಕರ್ ದಕ್ಷಿಣ ಅಮೆರಿಕದ್ದು, ಮೈಗೆ ಎಲುಬಿನ ಕವಚ, ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಚಿಕ್ಕಂದಿನಲ್ಲಿ ಪಾಚಿ ಕೆರೆಯುತ್ತದೆ, ನಿಜ; ಬೆಳೆದಂತೆ ಅದು ಮಾಡುವ ಹೊಲಸು ಅದು ತೆಗೆಯುವ ಹೊಲಸಿಗಿಂತ ಎಷ್ಟೋ ಹೆಚ್ಚು. ಮನೆಗೆ ಹಿಡಿಸದಾದಾಗ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡವರ ದೆಸೆಯಿಂದ ಇಂದು ಕೋಲ್ಕತ್ತದ ಪೂರ್ವದ ಜೌಗು ಪ್ರದೇಶದಿಂದ ಕೇರಳದ ಕಾಲುವೆಗಳವರೆಗೆ ಈ ಮೀನು ಬೇರೂರಿದೆ. ಖರೀದಿಯ ದಿನ ಎರಡೂ ಮೂರು ಇಂಚಿನವು. ಸೂತ್ರಕ್ಕೆ ಅಷ್ಟೇ ಕಾಣುವುದು.

ಕೊಳ್ಳದೆಯೂ ಟ್ಯಾಂಕು ತುಂಬಬಹುದು. ಗಪ್ಪಿ ಹೆಣ್ಣು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ; ಒಮ್ಮೆ ಗಂಡಿನ ಸಂಗವಾದರೆ ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ಹಲವು ಸೂಲಿಗೆ ಬಳಸುತ್ತದೆ. ಹೆಣ್ಣುಗಳನ್ನಷ್ಟೇ ತಂದವರ ಮನೆಯಲ್ಲೂ ಮರಿಗಳ ಸಂತೆ ಸೇರುವುದು ಹೀಗೆ. ಅಮೋನಿಯಾದ ನಿಜವಾದ ಮೂಲ ಉದ್ದದಲ್ಲಿಲ್ಲ, ಉಣಿಸಿನಲ್ಲಿದೆ. ಪ್ರೋಟೀನಿನ ಸುಮಾರು 16 ಶೇಕಡಾ ಸಾರಜನಕ. 40 ಶೇಕಡಾ ಪ್ರೋಟೀನ್ ಇರುವ ಒಂದು ಗ್ರಾಂ ಉಣಿಸಿನಲ್ಲಿ 64 ಮಿಲಿಗ್ರಾಂ ಸಾರಜನಕ ಇರುತ್ತದೆ. ಅರ್ಧ ಮೀನಿನ ಮೈಗೆ ಸೇರಿ ಉಳಿದರ್ಧ ಕಿವಿರಿನಿಂದ ಹೊರಬಂದರೂ ಆ 45 ಲೀಟರಿನಲ್ಲಿ ಲೀಟರಿಗೆ 0.7 ಮಿಲಿಗ್ರಾಂ ಅಮೋನಿಯಾ-ಸಾರಜನಕ ಏರುತ್ತದೆ. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕಿದರೆ ಎಷ್ಟು ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಅಳತೆಪಟ್ಟಿಯ ಅವಳಿ ಸೋದರನೊಬ್ಬನಿದ್ದಾನೆ: ಹೊಂದಾಣಿಕೆಯ ಪಟ್ಟಿ. ಅಡ್ಡಸಾಲಿಗೊಂದು ಮೀನು, ಉದ್ದಸಾಲಿಗೊಂದು ಮೀನು, ಸೇರುವಲ್ಲಿ ಹಸಿರು, ಹಳದಿ, ಕೆಂಪು ಬಣ್ಣ. ನೋಡಲು ಅಚ್ಚುಕಟ್ಟು. ಅದರ ದೋಷವೂ ಅದೇ ಕುಲದ್ದು, ಮೀನನ್ನು ಖರೀದಿಯ ಕ್ಷಣದಲ್ಲಿ ಹಿಡಿದು ನಿಲ್ಲಿಸುವುದು. ಏಂಜಲ್ ಮತ್ತು ಏಂಜಲ್ ಸೇರುವ ಮನೆ ಹಸಿರು. ಆರು ಮರಿ ಏಂಜಲ್‌ಗಳು ಕೆಲವು ತಿಂಗಳು ಒಂದೇ ಗುಂಪಾಗಿ ಓಡಾಡುತ್ತವೆ, ಪಟ್ಟಿ ಗೆದ್ದಿತು ಅನಿಸುತ್ತದೆ. ವಯಸ್ಸಿಗೆ ಬಂದು ಎರಡು ಜೋಡಿಯಾದ ವಾರ ಅವು ಅರ್ಧ ಟ್ಯಾಂಕನ್ನು ತಮ್ಮದೆಂದು ಘೋಷಿಸಿ, ಉಳಿದ ನಾಲ್ಕನ್ನು ಫಿಲ್ಟರಿನ ಮೂಲೆಗೆ ಅಟ್ಟಿ ಕುಕ್ಕುತ್ತವೆ. ಏಂಜಲ್ ಮತ್ತು ನಿಯಾನ್ ಟೆಟ್ರಾ ಎರಡೂ ಅಮೆಜಾನ್ ಸೀಮೆಯವು, ಎರಡಕ್ಕೂ ಒಂದೇ ಬಗೆಯ ಮೃದು ನೀರು ಬೇಕು. ಆದರೆ ಬೆಳೆದ ಏಂಜಲ್‌ನ ಬಾಯಿಗೆ ನಿಯಾನ್ ಸಲೀಸಾಗಿ ಹಿಡಿಸುತ್ತದೆ. ಟೈಗರ್ ಬಾರ್ಬ್‌ಗೆ ಪಟ್ಟಿ ‘ರೆಕ್ಕೆ ಕಚ್ಚುವ ಮೀನು’ ಎಂದು ಕೆಂಪು ಬಳಿಯುತ್ತದೆ. ಅದನ್ನು ಎರಡು ಮೂರರಂತೆ ತಂದರೆ ಆ ಮಾತು ನಿಜ. ಎಂಟು ಹತ್ತರ ಹಿಂಡಿನಲ್ಲಿ ಅವುಗಳ ಕಿತ್ತಾಟ ಬಹುಪಾಲು ತಮ್ಮತಮ್ಮಲ್ಲೇ ಮುಗಿಯುತ್ತದೆ. ಅಂದರೆ ಇಲ್ಲಿ ಹೊಂದಾಣಿಕೆ ಎಂಬುದು ಜಾತಿಯ ಗುಣಕ್ಕಿಂತ ಸಂಖ್ಯೆ, ಲಿಂಗ, ವಯಸ್ಸು ಮತ್ತು ತಳದ ವಿಸ್ತೀರ್ಣದ ಗುಣ. ಎರಡು ಸಾಲುಗಳ ಪಟ್ಟಿಯಲ್ಲಿ ಇವು ಯಾವುವಕ್ಕೂ ಮನೆಯಿಲ್ಲ.

ನಮ್ಮದೇ ಘಟ್ಟದ ಮೀನೊಂದು ಸೂತ್ರ ಮತ್ತು ಪಟ್ಟಿ ಎರಡರ ಬಂಡವಾಳವನ್ನೂ ಬಯಲು ಮಾಡುತ್ತದೆ. ಅಂಗಡಿಯಲ್ಲಿ ಅದರ ಹೆಸರು ಮಿಸ್ ಕೇರಳ, ಶಾಸ್ತ್ರದಲ್ಲಿ ಸಹ್ಯಾದ್ರಿಯಾ ಡೆನಿಸೋನಿ. ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದ ಈ ಮೀನಿಗೆ 2013ರಲ್ಲಿ ಹೊಸ ಕುಲನಾಮ ಬಂತು. ಕೇರಳದ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲದೆ ಬೇರೆಲ್ಲೂ ಇಲ್ಲ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಬೆಳೆದರೆ ಆರು ಇಂಚು, ಹಿಂಡಿನಲ್ಲಿ ಬಾಳುವ ಜೀವ, ತಂಪಾದ, ಆಮ್ಲಜನಕ ತುಂಬಿದ, ಹರಿಯುವ ನೀರಿನ ಈಜುಗಾರ. ಪಟ್ಟಿಯಲ್ಲಿ ಅದು ‘ಶಾಂತ’, ಎಲ್ಲರ ಜೊತೆಗೂ ಹಸಿರು. ಸೂತ್ರ ಹೇಳುತ್ತದೆ: 12 ಇಂಚಿನ ಅವಕಾಶವಿದೆ, ಎರಡು ಮೀನು ಬಿಡಿ. ಹಿಂಡಿಲ್ಲದ ಎರಡು, ಹರಿವಿಲ್ಲದ ನೀರು, ಎರಡು ಬಾಲಬೀಸಿಗೆ ಗಾಜು ಮುಟ್ಟುವ ಓಟ. ಲೆಕ್ಕಕ್ಕೆ ತೃಪ್ತಿಯಾಯಿತು, ಮೀನಿಗಲ್ಲ. ಹೊಳೆಯಿಂದ ಹಿಡಿದು ತಂದ ಜೀವಕ್ಕೆ ಹೀಗೆ ಮಾಡುವಾಗ ಅದು ಬರೀ ಹವ್ಯಾಸದ ತಪ್ಪಾಗಿ ಉಳಿಯುವುದಿಲ್ಲ.

ಇನ್ನು ಸೂತ್ರವನ್ನು ನನ್ನಂತೆಯೇ ತಿರಸ್ಕರಿಸಿದವರ ವಿಚಾರ. ನನ್ನ ಜಗಳ ನಿಜಕ್ಕೂ ಇವರ ಜೊತೆಗೇ ಹೆಚ್ಚು.

ಮೊದಲನೆಯವರು ಫಿಲ್ಟರ್ ಪಂಥದವರು. ಇಂಚಿನ ಲೆಕ್ಕ ಹಳೆಯದಾಯಿತು, ಗಂಟೆಗೆ ಟ್ಯಾಂಕಿನ ಎಂಟು ಹತ್ತು ಪಟ್ಟು ನೀರು ಸುತ್ತಿಸುವ ಕ್ಯಾನಿಸ್ಟರ್ ಹಾಕಿ, ಆಮೇಲೆ ಬೇಕಾದಷ್ಟು ಮೀನು ಬಿಡಿ ಎನ್ನುತ್ತಾರೆ. ಮದುವೆ ಛತ್ರಕ್ಕೆ ಎಷ್ಟು ಜನ ಹಿಡಿಸುತ್ತಾರೆ ಎಂಬುದನ್ನು ಎಂಜಲೆಲೆ ಎತ್ತುವವರ ಸಂಖ್ಯೆ ನೋಡಿ ತೀರ್ಮಾನಿಸಿದ ಹಾಗಾಯಿತು ಇದು. ಫಿಲ್ಟರ್ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ, ಅಷ್ಟೇ ಅದರ ಕೆಲಸ. ಸೋಲುವ ಮೀನಿಗೆ ಓಡಿಹೋಗಲು ಅದು ಜಾಗ ಕೊಡುವುದಿಲ್ಲ. ಆ ಕೆಲಸವೂ ಪುಕ್ಕಟೆಯಲ್ಲ. ಒಂದು ಮಿಲಿಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ಮೀನು ಹೆಚ್ಚಾದಷ್ಟೂ ಅವುಗಳ ಪಾಲಿನ ಆಮ್ಲಜನಕಕ್ಕೆ ಫಿಲ್ಟರೇ ಪೈಪೋಟಿಗೆ ಇಳಿಯುತ್ತದೆ. ಮುಖ್ಯವಾಗಿ, ಈ ವಾದ ಹುಟ್ಟಿದ್ದು ಕರೆಂಟು ಹೋಗದ ದೇಶಗಳಲ್ಲಿ. ನಮ್ಮ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಮೂರು ತಾಸು ಲೋಡ್ ಶೆಡ್ಡಿಂಗ್ ಆದರೆ ನೀರಿನ ಸುತ್ತಾಟ ನಿಲ್ಲುತ್ತದೆ, ನೀರು ಬಿಸಿಯೇರುತ್ತದೆ, ತುಂಬಿದ ಟ್ಯಾಂಕಿನ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಯಂತ್ರ ನಿಂತಾಗಲೂ ಎಷ್ಟು ಮೀನು ಬದುಕಿ ಉಳಿಯಬಲ್ಲವೋ ಅಷ್ಟೇ ಆ ಟ್ಯಾಂಕಿನ ನಿಜವಾದ ಸಂಖ್ಯೆ. ಕ್ಯಾನಿಸ್ಟರಿನ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಇದನ್ನು ಹೇಳುವುದಿಲ್ಲ.

ಎರಡನೆಯವರು ಬೇಕೆಂದೇ ಗಿಜಿಗುಟ್ಟಿಸುವವರು. ಇವರ ಪ್ರಮಾಣ ಗ್ರಂಥ ಆಫ್ರಿಕದ ಮಲಾವಿ ಸರೋವರದ ಎಂಬುನಾ ಮೀನುಗಳು. ಬಂಡೆಗಳ ನಡುವೆ ಗಡಿ ಕಟ್ಟಿಕೊಂಡು ಕಾದಾಡುವ ಇವನ್ನು ಕಡಿಮೆ ಸಂಖ್ಯೆಯಲ್ಲಿ ಇಟ್ಟರೆ ಬಲಿಷ್ಠ ಗಂಡು ಉಳಿದವನ್ನು ಕೊಲ್ಲುತ್ತದೆ. ಒತ್ತೊತ್ತಾಗಿ ತುಂಬಿಸಿದರೆ ಯಾವುದಕ್ಕೂ ಗಡಿ ಕಟ್ಟಲಾಗದೆ ಜಗಳ ಹಂಚಿಹೋಗುತ್ತದೆ. ಉಪಾಯ ಕೆಲಸ ಮಾಡುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅದರ ಷರತ್ತುಗಳನ್ನು ನೋಡಿ: ಕನಿಷ್ಠ ನಾಲ್ಕಡಿ ಟ್ಯಾಂಕು, ಹೆಚ್ಚುಕಡಿಮೆ ಒಂದೇ ಗಾತ್ರದ ಮೀನು, ವಾರವಾರವೂ ಭಾರಿ ನೀರು ಬದಲಾವಣೆ. ಒಂದು ಸರೋವರದ ಒಂದು ಗುಂಪಿನ ಮೀನಿಗೆ ಅನ್ವಯಿಸುವ ಈ ವಿನಾಯಿತಿಯನ್ನು ಗಪ್ಪಿ-ಏಂಜಲ್-ಗೋಲ್ಡ್‌ಫಿಶ್ ಕಲಸುಮೇಲೋಗರಕ್ಕೆ ಸಮರ್ಥನೆಯಾಗಿ ಎತ್ತುವುದು ಬೌದ್ಧಿಕ ಅಪ್ರಾಮಾಣಿಕತೆ. ಎಂಬುನಾ ಟ್ಯಾಂಕಿನಲ್ಲೂ ನಡೆಯುವುದು ಒಂದು ಸೋಲೇ. ಗಡಿ ಕಾಯುವ ಮೀನಿನ ಸ್ವಭಾವವನ್ನು ನೋಡಬೇಕೆಂದು ತಂದು, ಅದು ಆ ಸ್ವಭಾವ ತೋರಿಸಲಾಗದಂತೆ ಮಾಡಿ, ಅದನ್ನು ಶಾಂತಿ ಎಂದು ಕರೆಯುತ್ತೇವೆ.

ಮೂರನೆಯವರು ಗಿಡದ ಪಂಥದವರು. ಇವರ ಬಗ್ಗೆ ನನಗೆ ಗೌರವವಿದೆ. ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ನೀರಗಿಡಗಳು ನೈಟ್ರೇಟಿಗಿಂತ ಅಮೋನಿಯಮ್ಮನ್ನೇ ಮೊದಲು ಹೀರುತ್ತವೆ ಎಂಬುದನ್ನು ಗಟ್ಟಿ ಆಧಾರಗಳೊಂದಿಗೆ ಮುಂದಿಟ್ಟರು. ಆದರೆ ಹಿಂಬಾಲಕರು ಅದನ್ನು ‘ಗಿಡವಿದ್ದರೆ ಮೀನೆಷ್ಟಾದರೂ ಸರಿ’ ಎಂದು ಓದಿಕೊಂಡರು. ಗಿಡವೂ ರಾತ್ರಿ ಉಸಿರಾಡುತ್ತದೆ. ತುಂಬಿದ ಟ್ಯಾಂಕಿನಲ್ಲಿ ಬೆಳಗಿನ ಜಾವದ ಆಮ್ಲಜನಕಕ್ಕೆ ಅದೂ ಪಾಲುದಾರ.

ಈ ಮೂರು ಪಂಥಗಳೂ ಸೂತ್ರವನ್ನು ವಿರೋಧಿಸುತ್ತಲೇ ಅದರ ಪ್ರಶ್ನೆಯನ್ನು ಒಪ್ಪಿಕೊಂಡಿವೆ: ‘ಇನ್ನೂ ಎಷ್ಟು ತುರುಕಬಹುದು?’ ಇಂಚಿನವರು ಹನ್ನೆರಡು ಎಂದರೆ ಇವರು ಹೆಚ್ಚು ಎನ್ನುತ್ತಾರೆ, ಜಗಳ ಅಂಕಿಯದ್ದು ಮಾತ್ರ.

ತುರುಕಿದ ಮೇಲೆ ಆಗುವ ಅನಾಹುತದ ಕಾರಣವೂ ಇವರ ಮಾತಿನಲ್ಲಿ ಸರಿಯಾಗಿ ಬರುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಫಿಲ್ಟರ್ ಹಗಲಿರುಳು ದುಡಿಯುತ್ತ ನೀರಿನ ಕ್ಷಾರೀಯತೆಯನ್ನು ತಿಂದುಹಾಕುತ್ತದೆ, ಪಿಎಚ್ ಮೆಲ್ಲಗೆ ಆರರತ್ತ ಜಾರುತ್ತದೆ. ಅಷ್ಟು ಹುಳಿಯಾದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಆದರೂ ಮೀನು ಸಾಯುವುದಿಲ್ಲ. ಕಡಿಮೆ ಪಿಎಚ್‌ನಲ್ಲಿ ಅದು ಬಹುತೇಕ ನಿರುಪದ್ರವಿಯಾದ ಅಮೋನಿಯಮ್ ರೂಪದಲ್ಲಿರುತ್ತದೆ. ಅಷ್ಟರಲ್ಲಿ ಮನೆಯವರಿಗೆ ಸ್ವಚ್ಛತೆಯ ಹುರುಪು ಬರುತ್ತದೆ. ಅರ್ಧ ನೀರು ಚೆಲ್ಲಿ ಕೊಳವೆಬಾವಿಯ ಗಡಸು ನೀರು ತುಂಬುತ್ತಾರೆ. 25 ಡಿಗ್ರಿಯಲ್ಲಿ ಪಿಎಚ್ ಆರರಿಂದ ಏಳೂವರೆಗೆ ಏರಿದರೆ ವಿಷರೂಪದ ಅಮೋನಿಯಾದ ಪಾಲು ಸುಮಾರು ಮೂವತ್ತು ಪಟ್ಟಾಗುತ್ತದೆ. ನೀರು ಬದಲಿಸಿ ಒಟ್ಟು ಅಮೋನಿಯಾ ಅರ್ಧಕ್ಕಿಳಿದರೂ ವಿಷ ಹದಿನೈದು ಪಟ್ಟು. ಸಂಜೆಯೊಳಗೆ ಮೀನುಗಳು ತೇಲುತ್ತವೆ. ‘ನೀರು ಬದಲಿಸಿದ್ದೇ ತಪ್ಪಾಯಿತು’ ಎಂದು ಮನೆಯವರು ತೀರ್ಮಾನಿಸುತ್ತಾರೆ, ಅಂಗಡಿಯಿಂದ ಮತ್ತೊಂದು ಡಜನ್ ಬರುತ್ತದೆ. ಕೊಂದದ್ದು ಹೊಸ ನೀರಲ್ಲ, ತಿಂಗಳುಗಟ್ಟಲೆ ಕೂಡಿಟ್ಟ ಹಳೆಯ ಹೊರೆ. ಇಂಥ ಟ್ಯಾಂಕಿಗೆ ಮಾಡಬೇಕಾದದ್ದು ಉಣಿಸು ಅರ್ಧಕ್ಕಿಳಿಸುವುದು, ಕ್ಲೋರಿನ್ ತೆಗೆದ ನೀರನ್ನು ದಿನಕ್ಕೆ ಹತ್ತನೇ ಒಂದು ಪಾಲಿನಷ್ಟೇ ಬದಲಿಸುತ್ತ ಬರುವುದು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ಟ್ಯಾಂಕಿನದೇ ನೀರಿನಲ್ಲಿ ಅದುಮುವುದು. ಅಷ್ಟರೊಳಗೆ ಹೆಚ್ಚುವರಿ ಮೀನಿಗೆ ಬೇರೆ ಮನೆಯನ್ನೋ ಅಂಗಡಿಯನ್ನೋ ಹುಡುಕಬೇಕು. ಕೆರೆಯನ್ನಲ್ಲ. ಮೊದಲ ಮೂರು ಬರೀ ಕಾಲಾವಕಾಶ ಕೊಡುತ್ತವೆ, ಚಿಕಿತ್ಸೆ ಕೊನೆಯದೊಂದೇ.

ಸೂತ್ರದ ಪರವಾಗಿ ಹೇಳಬಹುದಾದದ್ದು ಒಂದಿದೆ. ನೀರಿಗೂ ಮಿತಿಯಿದೆ ಎಂದು ಅದು ಹೇಳಿತು. ಒಂದೆರಡು ಇಂಚಿಗೆ ಬೆಳವಣಿಗೆ ನಿಲ್ಲುವ ತೆಳುಮೈಯ ಮೀನುಗಳ ಮಟ್ಟಿಗೆ ಅದರ ಉತ್ತರ ಆಕಸ್ಮಿಕವಾಗಿ ಸರಿಗೆ ಹತ್ತಿರವೂ ಬರುತ್ತದೆ. ಆದರೆ ಯಾವ ಮೀನು ಅಂಥದ್ದು ಎಂದು ತಿಳಿದವನಿಗೆ ಸೂತ್ರವೇ ಬೇಡ, ತಿಳಿಯದವನ ಕೈಯಲ್ಲಿ ಅದು ಪರವಾನಗಿ ಪತ್ರ. ‘ಹೊಸಬರಿಗೆ ಒಳ್ಳೆಯದು’ ಎಂಬ ಷರಾ ನಿಲ್ಲದಿರುವುದು ಈ ಕಾರಣಕ್ಕೆ.

ಬದಲಿಗೆ ಇನ್ನೊಂದು ಸೂತ್ರ ಕೊಡಿ ಎಂದು ಕೇಳುವವರಿಗೆ ನಾನು ಅಂಕಿ ಕೊಡುವುದಿಲ್ಲ. ಕೊಳ್ಳುವವರು ಕೌಂಟರಿನಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಇದು ಎಷ್ಟು ಬೆಳೆಯುತ್ತದೆ? ಹಿಂಡಿನ ಮೀನೋ, ಒಂಟಿಯೋ, ಜೋಡಿಯಾದರೆ ಗಡಿ ಕಟ್ಟುತ್ತದೆಯೋ? ನೀರಿನ ಯಾವ ಮಟ್ಟದಲ್ಲಿ ಓಡಾಡುತ್ತದೆ, ಅದಕ್ಕೆ ತಕ್ಕ ಉದ್ದ-ಅಗಲ ನಮ್ಮಲ್ಲಿದೆಯೋ? ಕರೆಂಟು ಹೋದ ಮಧ್ಯಾಹ್ನ ಇವೆಲ್ಲ ಉಸಿರಾಡಬಲ್ಲವೋ? ಎರಡಡಿ ಟ್ಯಾಂಕಿಗೆ ಈ ಪ್ರಶ್ನೆಗಳನ್ನು ನಿಷ್ಠೆಯಿಂದ ಹಾಕಿದರೆ ಉತ್ತರವಾಗಿ ಉಳಿಯುವುದು ಒಂದು ಜಾತಿಯ ಸಣ್ಣ ಮೀನುಗಳ ಒಂದು ಹಿಂಡು, ತಳಕ್ಕೆ ಬಸವನಹುಳು, ಅಷ್ಟೇ. ಗೋಲ್ಡ್‌ಫಿಶ್, ಏಂಜಲ್, ಶಾರ್ಕ್, ಸಕ್ಕರ್ ಎಲ್ಲವೂ ಪಟ್ಟಿಯಿಂದ ಹೊರಬೀಳುತ್ತವೆ. ಇದು ಅಂಗಡಿಗೆ ನಷ್ಟ, ಕೊಳ್ಳುವವರ ಆಸೆಗೂ ಭಂಗ. ಅದಕ್ಕೇ ಈ ಪ್ರಶ್ನೆಗಳು ಸೂತ್ರದಷ್ಟು ಜನಪ್ರಿಯವಾಗುವುದಿಲ್ಲ. ಇಂಚಿನ ಸೂತ್ರ ಇಷ್ಟು ಕಾಲ ಬಾಳಿದ್ದು ಅದರಲ್ಲಿ ಸತ್ಯವಿತ್ತೆಂದಲ್ಲ. ಮಾರುವವನಿಗೂ ಕೊಳ್ಳುವವನಿಗೂ ‘ಇನ್ನೊಂದು ತಗೊಳ್ಳಬಹುದು’ ಎಂದು ಒಟ್ಟಿಗೇ ಹೇಳುತ್ತದೆಂದು.